ಹಿಂದಡಿಯಿಟ್ಟು ಮನೆಯೊಳಗೆ

ಆ ಹುಡುಗಿ ನಮ್ಮ ಮನೆಗೆ ಬಂದ ವಾರವೇ ನನ್ನ ಬಲ ಎದೆಯಲ್ಲಿ ಗಂಟು ಸಿಕ್ಕಿತು. ಸ್ನಾನ ಮಾಡುವಾಗ ಸೋಪು ಜಾರಿದ ಕಡೆ ಬೆರಳು ತಾನಾಗಿ ನಿಂತುಬಿಟ್ಟಿತು. ನಮ್ಮ ದ್ವೀಪದ ಲಾ ಬೋರ್ನ್ ಕೊಲ್ಲಿಯ ಜಾಯಿಕಾಯಿ ಮಂಡಿಯಲ್ಲಿ ಮೂವತ್ತೊಂದು ವರ್ಷ ಕಾಯಿ ಆರಿಸಿದ ಕೈ ನನ್ನದು. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಯಾವ ಕಾಯಿ ಯಾವ ಜರಡಿಗೆ ಸೇರಬೇಕು ಎಂದು ಹೇಳುತ್ತೇನೆ. ಇದು ಬಟಾಣಿಯಷ್ಟಿತ್ತು, ಜರಡಿಯಿಂದ ಕೆಳಗೆ ಉದುರಿ ಲೆಕ್ಕಕ್ಕೇ ಬಾರದಂಥದ್ದು. ಇರಲಿ ಬಿಡು ಎಂದುಕೊಂಡು ಮೈಮೇಲೆ ನೀರು ಸುರಿದುಕೊಂಡೆ.

ಹುಡುಗಿಯ ಹೆಸರು ಬೊಯಿಕಾನ್ಯೊ. ಊರು ಬೋಟ್ಸ್‌ವಾನಾದ ಯಾವುದೋ ಮರಳುಗಾಡಿನ ಅಂಚು. ನಮ್ಮ ಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ಬಂದ ಮೇಲೆ ಇಳಿಜಾರಿನ ಪ್ರತಿ ಮನೆಯಲ್ಲೂ ಒಂದು ಕೋಣೆ ವಿದ್ಯಾರ್ಥಿಗಳಿಗೆ ಮೀಸಲಾಗಿತ್ತು. ನನ್ನ ಗಂಡ ತೀರಿಕೊಂಡ ವರ್ಷದಿಂದ ನಾನೂ ಒಬ್ಬರನ್ನು ಇಟ್ಟುಕೊಳ್ಳುತ್ತಿದ್ದೆ. ಎಷ್ಟೋ ದೇಶದವರು ಬಂದು ಹೋಗಿದ್ದಾರೆ. ಸಮುದ್ರವನ್ನೇ ಕಾಣದೆ ಬಂದವಳು ಇವಳೊಬ್ಬಳೇ. ಮೊದಲ ಒಂದು ತಿಂಗಳು ಸಮುದ್ರದ ಕಡೆಯ ಕಿಟಕಿ ಮುಚ್ಚಿಕೊಂಡೇ ಮಲಗಿದಳು.

"ಅದು ಎಲ್ಲಿಗೂ ಹೋಗಲ್ವಾ ಮ್ಮಾ? ಯಾವಾಗ್ಲೂ ಅಲ್ಲೇ ಇರುತ್ತಾ?" ಎಂದು ಕೇಳಿದ್ದಳು. ಅವರ ಭಾಷೆಯಲ್ಲಿ ಹಿರಿಯ ಹೆಂಗಸರನ್ನೆಲ್ಲ ಮ್ಮಾ ಎನ್ನುತ್ತಾರಂತೆ. ಊರಿನವರಿಗೆ ನಾನು ಮಿಸ್ ಐವಲಿನ್. ಅವಳೊಬ್ಬಳ ಬಾಯಲ್ಲಿ ಮ್ಮಾ ಆದೆ.

"ಎಲ್ಲಿಗೆ ಹೋಗ್ಬೇಕು ಅದು? ಅದಕ್ಕೇನು ನಿನ್ನ ಹಾಗೆ ಪರೀಕ್ಷೆ ಇದೆಯಾ?" ಎಂದಿದ್ದೆ.

ಹೆಣ ಕೊಯ್ದು ಕಲಿಯುವ ಪಾಠ ಶುರುವಾದ ದಿನ ಸಂಜೆ ಅವಳು ರಸ್ತೆ ದಾಟಿ ಬರುತ್ತಿದ್ದಂತೆಯೇ ನನಗೆ ವಾಸನೆ ಬಡಿಯಿತು. ಮೂಗಿಗಿಂತ ಮೊದಲು ನಾಲಿಗೆಗೆ ತಾಗುವ ವಾಸನೆ ಅದು.

"ಅಲ್ಲೇ ನಿಲ್ಲು," ಅಂದೆ.

ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತಳು. "ಏನಾಯ್ತು ಮ್ಮಾ? ವಾಸನೆ ಬರ್ತಿದೆಯಾ? ಮೂರು ಸಲ ಕೈ ತೊಳ್ಕೊಂಡೆ."

"ವಾಸನೆ ಹಾಳಾಗ್ಲಿ. ತಿರುಗಿ ನಿಂತ್ಕೋ. ಬೆನ್ನು ಮನೆ ಕಡೆ, ಮುಖ ರಸ್ತೆ ಕಡೆ. ಹಾಗೇ ಹಿಂದಕ್ಕೆ ಹೆಜ್ಜೆ ಇಟ್ಕೊಂಡು ಒಳಗೆ ಬಾ."

"ಯಾಕೆ?"

"ಆ ಹೆಣದ ಕೋಣೆಯಿಂದ ನಿನ್ನ ಜೊತೆ ಯಾರು ಎದ್ದು ಬಂದಿದಾರೆ ಅಂತ ನಿನಗೇನು ಗೊತ್ತು? ಎದುರಿಗೇ ನೋಡ್ತಾ ಹಿಂದಕ್ಕೆ ಬಂದ್ರೆ ಜಂಬಿ, ಅಂದ್ರೆ ಸತ್ತವರ ದೆವ್ವ, ಹೊಸ್ತಿಲು ದಾಟಲ್ಲ. ಬೆನ್ನು ತೋರ್ಸಿದ್ರೆ ಜೊತೆಗೇ ಬಂದು ಮಂಚದ ಮೇಲೆ ಕೂತ್ಕೊಳುತ್ತೆ."

ಎದುರುಗಡೆ ಬಾದಾಮಿ ಮರದ ಕೆಳಗೆ ದೋಣಿ ಕಟ್ಟುತ್ತಿದ್ದ ಕತ್‌ಬರ್ಟ್ ಸುತ್ತಿಗೆ ನಿಲ್ಲಿಸಿ ನಕ್ಕ. "ಹೇಳಿದ್ದು ಕೇಳು ಡಾಕ್ಟ್ರೇ, ಕೇಳ್ದಿದ್ರೆ ಆ ಮನೇಲಿ ಊಟ ಸಿಗಲ್ಲ. ಇವಳ ಗಂಡನೂ ಮೂವತ್ತು ವರ್ಷ ಹೀಗೇ ಬೆನ್ನು ಮಾಡ್ಕೊಂಡು ಬಂದ, ಪಾಪ. ಜಂಬಿ ಭಯಕ್ಕಲ್ಲ, ಇವಳ ಮುಖ ನೋಡೋ ಭಯಕ್ಕೆ."

"ನಿನ್ನ ದೋಣಿ ನೋಡ್ಕೋ ಹೋಗು. ನೀರಿಗಿಳಿಯೋ ಹೊತ್ತಿಗೆ ಮೀನೆಲ್ಲಾ ಮುಗಿದಿರುತ್ತೆ," ಅಂದೆ ನಾನು.

ಹುಡುಗಿ ಚೀಲವನ್ನು ಎದೆಗವಚಿಕೊಂಡು ತಿರುಗಿದಳು. "ನಮ್ಮೂರಲ್ಲೂ ಅಜ್ಜಿಯಂದಿರು ಇದಾರೆ ಮ್ಮಾ," ಎಂದು ಒಂದೊಂದೇ ಮೆಟ್ಟಿಲು ಹಿಮ್ಮಡಿಯಿಂದ ತಡವಿಕೊಂಡು ಹತ್ತಿದಳು. ಆವತ್ತಿನಿಂದ ಎರಡು ವರ್ಷ ಒಂದು ಸಂಜೆಯೂ ತಪ್ಪಲಿಲ್ಲ.

ಅವಳ ಓದು ಇಡೀ ಮನೆಗೆ ಹರಡಿತ್ತು. ತೆಂಗಿನಕಾಯಿ ತುರಿಯುತ್ತ ತೋಳಿನ ನರಗಳ ಹೆಸರು ಹೇಳುವಳು. ಬಟ್ಟೆ ಒಣಹಾಕುತ್ತ ಮಣಿಕಟ್ಟಿನ ಎಂಟು ಮೂಳೆಗಳನ್ನು ಎಣಿಸುವಳು, ಎಂಟನೆಯದು ಮರೆತರೆ ಹಾಕಿದ ಬಟ್ಟೆ ತೆಗೆದು ಮತ್ತೆ ಮೊದಲಿನಿಂದ ಹಾಕುವಳು. ಉಪ್ಪುಮೀನು ಬಡಿಸಿದರೆ ತಿನ್ನುವ ಮೊದಲು ಅದರ ಬೆನ್ನೆಲುಬನ್ನು ತಟ್ಟೆಯಂಚಿಗೆ ನೆಟ್ಟಗೆ ಮಲಗಿಸುವಳು. ಭಾನುವಾರ ಅಮ್ಮನಿಗೆ ಫೋನು ಮಾಡಿ ಇಲ್ಲಿಯ ದೀವಿಹಲಸಿನ ರುಚಿಯನ್ನೂ ಕೆಸುವಿನ ಸೊಪ್ಪನ್ನೂ ವರ್ಣಿಸುವಳು. ಫೋನಿಟ್ಟ ಮೇಲೆ ತಮ್ಮೂರಿನ ಜೋಳದ ಗಂಜಿಯನ್ನು ನೆನಪಿಸಿಕೊಂಡು ಕೂರುವಳು. ಅವಳನ್ನು ಕಳಿಸಿದ್ದು ಅವರ ಸರ್ಕಾರ. ಕಾಲೇಜಿನಿಂದ ಹೊರಹಾಕಿಸಿಕೊಂಡರೆ ಅವರ ಹಳ್ಳಿಯ ಮುಂದೆ ತಲೆ ಎತ್ತುವಂತಿರಲಿಲ್ಲ. ಹೊರಹಾಕಲು ಕಾಲೇಜಿನವರಿಗೆ ಬಹಳ ಕಾರಣ ಬೇಕಿರಲಿಲ್ಲ. ಊರಿನವರ ಮೈ ಮುಟ್ಟಬಾರದು, ಕಾಯಿಲೆಯ ಬಗ್ಗೆ ಒಂದು ಮಾತೂ ಹೇಳಬಾರದು ಎಂದು ಮೊದಲ ದಿನವೇ ಸಹಿ ಹಾಕಿಸಿಕೊಂಡಿದ್ದರು.

ಹೆಣಗಳು ಹಡಗಿನಲ್ಲಿ ಹೊರದೇಶದಿಂದ ಬರುತ್ತಿದ್ದವು. ಹೆಸರಿಲ್ಲ, ನಂಬರು ಮಾತ್ರ. ಇವಳ ಮೇಜಿನ ಮೇಲಿದ್ದದ್ದು ನಲವತ್ತೊಂದನೆಯದು, ವಯಸ್ಸಾದ ಹೆಂಗಸು. ದಿನಾ ಬೆಳಿಗ್ಗೆ ಬಟ್ಟೆ ಸರಿಸುವ ಮೊದಲು ಇವಳು ಆಕೆಗೆ "ದುಮೇಲಾ ಮ್ಮಾ" ಎಂದು ನಮಸ್ಕಾರ ಹೇಳುತ್ತಿದ್ದಳಂತೆ. ಜೊತೆಯವರು ನಗುತ್ತಿದ್ದರಂತೆ.

ಒಂದು ಸಂಜೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹೇಳಿದಳು: "ಇವತ್ತು ಆಕೆಯ ಎದೆ ಬಿಡಿಸಿದ್ವಿ ಮ್ಮಾ. ಒಳಗೊಂದು ಗಂಟಿತ್ತು. ಕಲ್ಲಿನ ಥರ. ಬೇರು ಬಿಟ್ಟು ಪಕ್ಕೆಲುಬು ಹಿಡ್ಕೊಂಡಿತ್ತು. ಕತ್ತಿ ಕೂಡ ಕಿರ್ ಅಂತು."

ನಾನು ಜಾಯಿಕಾಯಿ ತುರಿದು ಕೋಕೋಗೆ ಹಾಕುತ್ತಿದ್ದೆ. "ಆಮೇಲೆ?"

"ಯಾರೂ ಅದನ್ನ ಮುಟ್ಟೇ ಇರಲಿಲ್ಲ. ಹೊಲಿಗೆ ಗುರುತಿಲ್ಲ, ಏನಿಲ್ಲ. ಆಕೆ ಯಾರ ಹತ್ರಾನೂ ಹೇಳಿರಲಿಲ್ಲ ಅನ್ಸುತ್ತೆ. ಅಷ್ಟು ದಿನ ಒಬ್ಬಳೇ ಇಟ್ಕೊಂಡು ಹೇಗೆ ಓಡಾಡಿದ್ಲೋ."

"ಹೇಳೋಕೆ ಜನ ಇರಲಿಲ್ವೇನೋ," ಅಂದೆ. ನನ್ನ ಬೆರಳು ತುರಿಮಣೆಗೆ ತಾಗಿ ರಕ್ತ ಬಂದಿತ್ತು. ಕೋಕೋ ಚೆಲ್ಲಿ ಬೇರೆ ಕಾಯಿಸಿದೆ.

ಆ ಹೊತ್ತಿಗೆ ನನ್ನದು ಬಟಾಣಿ ದಾಟಿ ಸಣ್ಣ ಜಾಯಿಕಾಯಿಯಷ್ಟಾಗಿತ್ತು. ಪಟ್ಟಣದ ಆಸ್ಪತ್ರೆ ನನಗೆ ಗೊತ್ತಿತ್ತು. ನನ್ನ ಅಕ್ಕ ವರ್ನಾ ಹೀಗೇ ಗಂಟು ಹಿಡಿದುಕೊಂಡು ನಡೆದುಕೊಂಡು ಹೋದವಳು, ಪೆಟ್ಟಿಗೆಯಲ್ಲಿ ಬಂದಳು. ಹೋಗಿ ತೋರಿಸಿದ್ದಕ್ಕೇ ಸತ್ತಳು ಎಂದು ನಮ್ಮಮ್ಮ ಕೊನೆಯವರೆಗೂ ಹೇಳುತ್ತಿದ್ದಳು. ನಾನು ಎಲೆ ಅರೆದು ಕಟ್ಟಿಕೊಂಡೆ, ಸಡಿಲ ಅಂಗಿ ಹೊಲಿಸಿಕೊಂಡೆ. ಸಂಜೆ ಹುಡುಗಿ ಮನೆಗೆ ಬರುವ ಹೊತ್ತಿಗೆ ನಾನು ಯಾವಾಗಲೂ ಬಾಗಿಲ ಒಳಗೆ, ಅವಳ ಬೆನ್ನ ಹಿಂದೆ ಇರುತ್ತಿದ್ದೆ. ಆ ನಿಯಮ ಎಷ್ಟು ಅನುಕೂಲ ಎಂದು ನನಗೆ ನಿಧಾನವಾಗಿ ಅರ್ಥವಾಯಿತು. ದಿನವಿಡೀ ಮೈ ನೋಡಲು ಕಲಿತು ಬಂದ ಕಣ್ಣು, ಹರಿತವಾಗಿರುವ ಹೊತ್ತಿನಲ್ಲೇ, ರಸ್ತೆಯ ಕಡೆ ತಿರುಗಿರುತ್ತಿತ್ತು.

ರಸ್ತೆಯಲ್ಲಿ ಕತ್‌ಬರ್ಟ್ ಇದ್ದ.

"ಗುಡ್ ಈವ್ನಿಂಗ್ ಡಾಕ್ಟ್ರೇ. ಇವತ್ತು ಎಷ್ಟು ಜನರನ್ನ ಕೊಯ್ದೆ?"

"ಗುಡ್ ಈವ್ನಿಂಗ್ ಮಿಸ್ಟರ್ ಕತ್‌ಬರ್ಟ್. ಎಲ್ಲಾ ನೆನ್ನೆಯವರೇ."

ಆರು ಮೆಟ್ಟಿಲು ಹತ್ತುವಷ್ಟು ಹೊತ್ತು ಅವಳು ಅವನನ್ನು ನೋಡಬೇಕಿತ್ತು. ದಿನಾ. ಎರಡನೆಯ ವರ್ಷದ ಜಾಯಿಕಾಯಿ ಸುಗ್ಗಿ ಬರುವ ಹೊತ್ತಿಗೆ ದೋಣಿಯ ಪಕ್ಕೆಲುಬುಗಳೆಲ್ಲ ನಿಂತಿದ್ದವು, ಹಲಗೆ ಹೊಡೆಯುವುದು ಬಾಕಿ. ಒಂದು ಸಂಜೆ ಅವಳು ಒಳಗೆ ಬಂದವಳು ಚೀಲ ಕೆಳಗಿಡಲಿಲ್ಲ.

"ಕೇಳಿ ಮ್ಮಾ."

"ಏನು?"

"ಸುತ್ತಿಗೆ. ಒಂದು ಏಟಿಗೂ ಇನ್ನೊಂದು ಏಟಿಗೂ ಮಧ್ಯೆ ಅವರು ಮೊದಲು ಒಂದು ಸಲ ಉಸಿರು ತಗೋತಿದ್ರು. ಈಗ ನಾಲ್ಕು."

ಕೇಳಿದೆ. ಏಟು. ಬಹಳ ಹೊತ್ತು ಏನಿಲ್ಲ. ಇನ್ನೊಂದು ಏಟು.

"ಕಾಲು ಊದಿದೆ, ಚಪ್ಪಲಿ ಪಟ್ಟಿ ಒಳಗೆ ಹೂತುಹೋಗಿದೆ. ಕುತ್ತಿಗೆ ನರ ಇಲ್ಲಿಗೇ ಕಾಣುತ್ತೆ. ರಾತ್ರಿ ಕೂತ್ಕೊಂಡೇ ನಿದ್ದೆ ಮಾಡ್ತಾರಂತೆ, ಅವರೇ ಹೇಳಿದ್ರು, ತಮಾಷೆಗೆ." ಅವಳು ತುಟಿ ಕಚ್ಚಿಕೊಂಡಳು. "ನಾನು ಹೇಳೋ ಹಾಗಿಲ್ಲ."

"ಹಾಗಾದ್ರೆ ಹೇಳ್ಬೇಡ."

ಆದರೂ ಹೇಳಿದಳು. ಶನಿವಾರ ಬೆಳಿಗ್ಗೆ ಹೋಗಿ ಅವನ ಮುಂದೆ ಮರಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ಪಟ್ಟಣದ ಆಸ್ಪತ್ರೆಗೆ ಹೋಗಿ ಹೃದಯ ತೋರಿಸಿಕೊಳ್ಳಿ ಎಂದು ಮೆತ್ತಗೆ ಹೇಳಿದಳು. ಕತ್‌ಬರ್ಟನ ನಗು ನಮ್ಮ ಮನೆಯವರೆಗೆ ಕೇಳಿಸಿತು. "ಯಾಕೆ ಡಾಕ್ಟ್ರೇ, ನಿಮ್ಮ ಕಾಲೇಜಿಗೆ ಹೆಣ ಸಾಲ್ತಿಲ್ವಾ?" ಸೋಮವಾರ ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿದ. ಕಿಟಕಿಯಿಂದ ಕೈ ಹೊರಹಾಕಿ, ದೋಣಿಗೆ ಯಾರೂ ಕೈ ಹಚ್ಚಬೇಡಿ ಎಂದು ಕೂಗಿ ಹೋದ. ಒಂಬತ್ತನೆಯ ದಿನ ಅವನ ತಂಗಿ ಪೆಟ್ಟಿಗೆಯೊಂದಿಗೆ ಬಂದಳು.

ಮಣ್ಣು ಮಾಡಿ ಬರುವಾಗ ಆ ತಂಗಿ ನನ್ನೊಬ್ಬಳ ಕಿವಿಯಲ್ಲಿ ಹೇಳಿದಳು: ಒಂದು ವರ್ಷ ಮೊದಲು ಬಂದಿದ್ದರೆ ಗುಳಿಗೆಯಲ್ಲೇ ಉಳಿಯುತ್ತಿದ್ದ ಎಂದು ಅಲ್ಲಿಯ ಡಾಕ್ಟರು ಬೈದರಂತೆ. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಹುಡುಗಿ ಕಂಡದ್ದು ಸರಿಯಿತ್ತು ಎಂದಾಗುತ್ತಿತ್ತು. ಸರಿಯಾಗಿ ಕಾಣುವವಳೊಬ್ಬಳು ನನ್ನ ಮನೆಯಲ್ಲಿದ್ದಾಳೆ ಎಂದು ನಾನು ಒಪ್ಪಿಕೊಳ್ಳಬೇಕಾಗುತ್ತಿತ್ತು.

ಊರು ಬೇರೆ ಥರ ತೀರ್ಮಾನಿಸಿತು. ಹೆಣ ನೋಡಿ ನೋಡಿ ಅವಳ ಕಣ್ಣಿಗೆ ಬದುಕಿದವರೂ ಹಾಗೇ ಕಾಣುತ್ತಾರೆ, ಅವಳು ನೋಡಿದಳು, ಅವನು ಹೋದ. ಬಸ್ಸಿನಲ್ಲಿ ಜನ ಕಿಟಕಿಗೆ ಮುಖ ತಿರುಗಿಸಿದರು. ಬಸುರಿ ಹೆಂಗಸರು ರಸ್ತೆಯ ಆಚೆ ಬದಿಗೆ ಹೋದರು. ನಮ್ಮ ದ್ವೀಪದಲ್ಲಿ ಶತ್ರುವಿಗೂ ಗುಡ್ ಮಾರ್ನಿಂಗ್ ಹೇಳದೆ ಯಾರೂ ಬಸ್ಸು ಹತ್ತುವುದಿಲ್ಲ, ಅಂಗಡಿಯ ಹೊಸ್ತಿಲು ತುಳಿಯುವುದಿಲ್ಲ. ಅವಳು ಹೇಳಿದರೆ ಉತ್ತರ ಬರಲಿಲ್ಲ. ಕೆಲವು ವಾರ ಹೇಳಿದಳು. ಆಮೇಲೆ ನಿಲ್ಲಿಸಿದಳು.

ಅಂಗಡಿಯ ಮರ್ಲ್ ನನಗೆ ಹಿಟ್ಟು ತೂಗುತ್ತ ಹೇಳಿದಳು: "ಐವಲಿನ್, ನಿನ್ನ ಹುಡುಗಿಗೆ ಹೇಳು, ಅಂಗಡಿಗೆ ಬಂದ್ರೆ ಅಕ್ಕಿ ನೋಡ್ಲಿ, ಎಣ್ಣೆ ನೋಡ್ಲಿ. ನನ್ನನ್ನ ನೋಡೋದು ಬೇಡ."

"ನಿನ್ನನ್ನ ಪೂರ್ತಿ ನೋಡೋಕೆ ಅವಳಿಗೆ ಎರಡು ಕಣ್ಣು ಸಾಲಲ್ಲ ಮರ್ಲ್," ಅಂದೆ. ಅಲ್ಲಿದ್ದವರು ನಕ್ಕರು.

"ನಗು, ನಗು. ಒಂದೇ ಸೂರಿನ ಕೆಳಗಿದೀಯಾ. ನಿನ್ನನ್ನ ನೋಡಲ್ವಾ ಅವಳು?"

"ನೋಡೋಕೆ ನಾನು ಬಿಟ್ರೆ ತಾನೆ," ಅಂದೆ. ಮತ್ತೆ ನಕ್ಕರು. ಈ ಸಲ ನಾನೂ ಅವರ ಜೊತೆ ನಕ್ಕೆ.

ಆ ಸಂಜೆ ಹುಡುಗಿ ಪಾತ್ರೆ ಒರೆಸುತ್ತಿದ್ದವಳು ನನ್ನ ಕಡೆ ತಿರುಗದೆ ಕೇಳಿದಳು. "ಮ್ಮಾ, ನಾನು ಅವರಿಗೆ ಹೇಳಬಾರದಿತ್ತಾ?"

ತಂಗಿಯ ಮಾತು ನನ್ನ ಬಾಯ ತುದಿಯಲ್ಲಿತ್ತು. ಎಡಗೈ ತಾನಾಗಿ ಬಲ ಎದೆಯ ಮೇಲೆ ಬಂದು ನಿಂತಿತ್ತು.

"ಹೌದು ಮಗಳೇ," ಅಂದೆ. "ಹೇಳಬಾರದಿತ್ತು."

"ಸರಿ," ಅಂದಳು. ತಟ್ಟೆಯನ್ನು ಅದರ ಜಾಗದಲ್ಲಿಟ್ಟಳು. "ಇನ್ನು ಹೇಳಲ್ಲ."

ಆಮೇಲೆ ಅವಳು ನರಗಳ ಹೆಸರನ್ನು ಜೋರಾಗಿ ಹೇಳುವುದು ಬಿಟ್ಟಳು. ಬಾಗಿಲು ಹಾಕಿಕೊಂಡು ಓದುತ್ತಿದ್ದಳು. ಸಂಜೆ ಹಿಂದಡಿಯಿಟ್ಟು ಮೆಟ್ಟಿಲು ಹತ್ತುವಾಗ ಅವಳ ಮುಂದೆ ಇರುತ್ತಿದ್ದದ್ದು ಹಲಗೆ ಹೊಡೆಯದ ದೋಣಿಯ ಪಕ್ಕೆಲುಬುಗಳು ಮಾತ್ರ, ಒಳಗಿನಿಂದ ಹುಲ್ಲು ಬೆಳೆಯುತ್ತಿತ್ತು.

ನನ್ನದು ಬೆಳೆಯಿತು. ಸಿಪ್ಪೆಯೊಳಗಿನ ದೊಡ್ಡ ಕಾಯಿಯಷ್ಟಾಯಿತು. ಜಾಯಿಕಾಯಿಯನ್ನು ಜಾಯಿಪತ್ರೆ ಹೇಗೆ ಕೆಂಪು ಬೆರಳುಗಳಿಂದ ಹಿಡಿದುಕೊಂಡಿರುತ್ತದೋ ಹಾಗೆ ಅದೂ ಸುತ್ತಲಿನದನ್ನೆಲ್ಲ ಹಿಡಿದುಕೊಂಡಿತು. ಮಂಡಿಯಲ್ಲಿ ಪತ್ರೆಯನ್ನು ಹರಿಯದಂತೆ ಒಂದೇ ಎಳೆತಕ್ಕೆ ಬಿಡಿಸುತ್ತಿದ್ದೆ. ಇದನ್ನು ಬಿಡಿಸಲು ಸ್ನಾನದ ಮನೆಯಲ್ಲಿ ಬೆರಳು ಹಾಕಿ ನೋಡಿದೆ. ಅಲುಗಲಿಲ್ಲ. ಚರ್ಮ ಒಂದು ಕಡೆ ಒಳಕ್ಕೆ ಎಳೆದುಕೊಂಡು ಗುಳಿಬಿದ್ದಿತ್ತು. ನಲವತ್ತೊಂದನೆಯ ಹೆಂಗಸಿಗೆ ಹೆಸರಿತ್ತೇ, ಆಕೆಯ ಮನೆಯಲ್ಲೂ ಕೇಳುವವರಿದ್ದು ಹೇಳದೆ ಉಳಿದಳೇ ಎಂದು ಯೋಚಿಸುತ್ತಿದ್ದೆ. ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟೆ.

ಹುಡುಗಿ ಎಲ್ಲ ಪರೀಕ್ಷೆಯಲ್ಲೂ ಪಾಸಾದಳು. ಇಲ್ಲಿಯ ಎರಡು ವರ್ಷ ಮುಗಿಯಿತು, ಉಳಿದದ್ದನ್ನು ಯಾವುದೋ ಚಳಿದೇಶದ ಆಸ್ಪತ್ರೆಯಲ್ಲಿ ಕಲಿಯಬೇಕು. ವಿಮಾನಕ್ಕೆ ಮೂರು ದಿನ ಇತ್ತು. ಕಾಲೇಜಿನಿಂದ ಕೊನೆಯ ಕಾಗದಪತ್ರ ತರಲು ಹೋಗಿದ್ದವಳು ಎಂದಿಗಿಂತ ಮೊದಲೇ ಬಂದಳು. ನಾನು ಕೋಳಿಗಳನ್ನು ಒಳಗೆ ಕರೆಯಲು ಬಾಗಿಲಿಗೆ ಬರುವುದಕ್ಕೂ ಅವಳು ಕೊನೆಯ ಮೆಟ್ಟಿಲು ಹಿಂದಕ್ಕೆ ಹತ್ತುವುದಕ್ಕೂ ಸರಿಯಾಯಿತು. ಅವಳ ಮೊಣಕೈ ನನ್ನ ಬಲ ಎದೆಗೆ ಬಡಿಯಿತು.

ನಾನು ಕೂಗಲಿಲ್ಲ. ಉಸಿರು ಒಂದು ಸಲ ಸಿಕ್ಕಿಕೊಂಡು ಹೊರಬಂತು, ಅಷ್ಟೇ. ಅವಳು ಇದ್ದಲ್ಲೇ ನಿಂತಳು. ಮುಖ ರಸ್ತೆಯ ಕಡೆಗೇ ಇತ್ತು.

"ಮ್ಮಾ. ಅದೇನು?"

"ಏನಿಲ್ಲ. ಜೇಬಲ್ಲಿ ಜಾಯಿಕಾಯಿ ಇತ್ತು."

"ಜೇಬು ಅಲ್ಲಿರಲ್ಲ."

ಕೋಳಿಗಳು ಅವಳ ಕಾಲ ಪಕ್ಕದಿಂದ ಒಂದೊಂದಾಗಿ ಒಳಗೆ ಬಂದವು. ಅವಳ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿರುವುದು ಕಾಣುತ್ತಿತ್ತು. ಅವಳ ಭುಜದ ಮೇಲಿಂದ ಅವಳು ನೋಡುತ್ತಿರುವುದನ್ನೇ ನಾನೂ ನೋಡಿದೆ: ರಸ್ತೆ, ಬಾದಾಮಿ ಮರ, ಹುಲ್ಲು ತುಂಬಿದ ದೋಣಿ, ಅದರಾಚೆ ಎಲ್ಲಿಗೂ ಹೋಗದ ಸಮುದ್ರ.

"ನಾನು ತಿರುಗಲಾ ಮ್ಮಾ?" ಎಂದು ಕೇಳಿದಳು. "ನೀವು ಬೇಡ ಅಂದ್ರೆ ಹೀಗೇ ಕೋಣೆಗೆ ಹೋಗ್ತೀನಿ. ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

ಇನ್ನು ಮೂರು ದಿನ ಸುಮ್ಮನಿದ್ದರೆ ಅವಳು ಹೋಗಿಬಿಡುತ್ತಿದ್ದಳು. ಈ ಊರಿನಲ್ಲಿ ಬೇರೆ ಯಾರ ಕಣ್ಣಿಗೂ ನಾನು ಹೆದರಬೇಕಿರಲಿಲ್ಲ.

"ತಿರುಗು," ಅಂದೆ.

ಮುಟ್ಟಿದ್ದು ಗೊತ್ತಾದರೆ ಅವಳ ಎರಡು ವರ್ಷದ ಓದು ನೀರಿನಲ್ಲಿ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಕೈ ತೊಳೆದುಕೊಂಡಳು. ಅಂಗೈ ತಣ್ಣಗಿದೆ ಎಂದು ಕೋಕೋ ಲೋಟವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ಬೆಚ್ಚಗೆ ಮಾಡಿಕೊಂಡಳು. ಆಮೇಲೆ ಮೂರು ಬೆರಳು ಇಟ್ಟಳು. ಬೆರಳುಗಳು ಗಂಟಿನ ಸುತ್ತ ಹೋಗಿ, ಅಲ್ಲಿಂದ ಕಂಕುಳಿಗೆ ಬಂದು, ಅಲ್ಲಿ ಒಂದು ಕಡೆ ನಿಂತವು. ಇನ್ನೊಂದು ಕಡೆ ನಿಂತವು. ಮತ್ತೂ ಒಂದು ಕಡೆ. ಅಲ್ಲಿರುವ ಪ್ರತಿಯೊಂದರ ಹೆಸರೂ ಅವಳಿಗೆ ಗೊತ್ತು, ತೆಂಗಿನಕಾಯಿ ತುರಿಯುತ್ತ ಹೇಳುತ್ತಿದ್ದಳಲ್ಲ. ಒಂದು ಹೆಸರೂ ಹೇಳಲಿಲ್ಲ.

"ಯಾವಾಗಿಂದ?"

"ನೀನು ಬಂದ ವಾರದಿಂದ."

ಅವಳ ಕೈ ಹಾಗೇ ಇತ್ತು. "ನಾನು ಕೇಳಿದ್ದೆ ನಿಮ್ಮನ್ನ. ಹೇಳಬಾರದಿತ್ತಾ ಅಂತ."

"ಕೇಳಿದ್ದೆ."

"ಹೇಳಬಾರದಿತ್ತು ಅಂದ್ರಿ."

"ಅಂದೆ. ಸುಳ್ಳು ಹೇಳ್ದೆ. ಅವನಿಗೆ ನೀನು ಒಂದು ವರ್ಷ ಮೊದಲೇ ಹೇಳ್ಬೇಕಿತ್ತಂತೆ. ಅವನ ತಂಗಿ ಹೇಳಿದ್ಲು."

ಅವಳು ನನ್ನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು, ಸಣ್ಣ ಮಕ್ಕಳಿಗೆ ಹಾಕುವ ಹಾಗೆ. ಕೊನೆಯ ಗುಂಡಿ ಹಾಕಿ ಹೇಳಿದಳು: "ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಹೋಗೋಣ."

"ಒಳ್ಳೇದಾಗುತ್ತಾ?" ಎಂದು ಕೇಳಿದೆ.

"ಮೊದಲ ಬಸ್ಸು ಎಷ್ಟು ಗಂಟೆಗೆ ಮ್ಮಾ?" ಅಂದಳು.

ಬೆಳಿಗ್ಗೆ ಬಸ್ಸು ಹತ್ತುತ್ತ ನಾನು ಗುಡ್ ಮಾರ್ನಿಂಗ್ ಹೇಳಿದೆ. ನನ್ನ ಹಿಂದೆ ಅವಳು, ಎಷ್ಟೋ ತಿಂಗಳ ಮೇಲೆ, ಗುಡ್ ಮಾರ್ನಿಂಗ್ ಅಂದಳು. ಮುಂದಿನ ಸೀಟಿನಲ್ಲಿ ಮರ್ಲ್ ಇದ್ದಳು. ನನ್ನ ಇಸ್ತ್ರಿ ಅಂಗಿ ನೋಡಿದಳು, ನನ್ನ ತೋಳು ಹಿಡಿದಿದ್ದ ಅವಳ ಕೈ ನೋಡಿದಳು. ನಿಧಾನವಾಗಿ ಮುಖವನ್ನು ಕಿಟಕಿಗೆ ತಿರುಗಿಸಿದಳು. ಉಳಿದವರೂ ಒಬ್ಬೊಬ್ಬರಾಗಿ ಮುಖ ತಿರುಗಿಸಿಕೊಂಡರು. ನನಗೆ ಈ ಜನರ ಮೇಲೆ ಸಿಟ್ಟು ಬರಲಿಲ್ಲ. ಕತ್‌ಬರ್ಟ್ ಬಸ್ಸು ಹತ್ತಿ ಹೋದ ಸೋಮವಾರ ನಾನೂ ಹೀಗೇ, ನೋಡಲಾರದೆ, ಮನೆಯ ಕಿಟಕಿ ಮುಚ್ಚಿದ್ದೆ.

ಆಸ್ಪತ್ರೆಯಲ್ಲಿ ನಡುಹಗಲಿಗೆ ಐವಲಿನ್ ಮೊಡೆಸ್ಟ್ ಎಂದು ನನ್ನ ಹೆಸರು ಕೂಗಿದರು. ಎರಡು ಕದದ ಬಾಗಿಲು. ನರ್ಸು ಕೈ ಅಡ್ಡ ಇಟ್ಟಳು.

"ಮಿಸ್ ಮೊಡೆಸ್ಟ್ ಒಬ್ಬರೇ. ನೀನು ಯಾರಮ್ಮ, ಮಗಳಾ?"

"ಮನೆಯಲ್ಲಿರೋ ವಿದ್ಯಾರ್ಥಿ," ಅಂದಳು ಬೊಯಿಕಾನ್ಯೊ.

"ಹಾಗಾದ್ರೆ ಇಲ್ಲೇ ಕೂತ್ಕೋ."

ಅವಳು ನನ್ನ ತೋಳು ಬಿಟ್ಟಳು. ನಾನು ಬಾಗಿಲವರೆಗೆ ಹೋಗಿ ತಿರುಗಿದೆ. ಬೆನ್ನು ಒಳಗಿನ ಕಡೆ, ಮುಖ ಅವಳ ಕಡೆ. ಹಿಮ್ಮಡಿಯಿಂದ ಹೊಸ್ತಿಲು ತಡವಿಕೊಂಡು ಒಂದು ಹೆಜ್ಜೆ ಹಿಂದಕ್ಕಿಟ್ಟೆ.

"ಮುಂದೆ ನೋಡ್ಕೊಂಡು ನಡೀರಿ ಮಿಸ್ ಮೊಡೆಸ್ಟ್, ಬಿದ್ದುಬಿಡ್ತೀರಾ," ಎಂದಳು ನರ್ಸು.

ನಾನು ತಿರುಗಲಿಲ್ಲ. ಎರಡು ವರ್ಷ ಆ ಮುಖವನ್ನು ನನ್ನ ಕಡೆ ಬಾರದಂತೆ ನೋಡಿಕೊಂಡಿದ್ದೆ. ಈಗ ಅದು ನೆಟ್ಟಗೆ ನನ್ನನ್ನೇ ನೋಡುತ್ತಿತ್ತು, ಮೆಟ್ಟಿಲ ಮೇಲಿಂದ ಕತ್‌ಬರ್ಟನನ್ನು ನೋಡಿದಾಗ ಹೇಗಿತ್ತೆಂದು ನಾನು ಎಂದೂ ಕಾಣದ ಆ ಮುಖ. ಕದಗಳು ಎರಡೂ ಕಡೆಯಿಂದ ಬರುತ್ತಿದ್ದವು. ಅವು ಕೂಡಿಕೊಳ್ಳುವವರೆಗೂ ನೋಡುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ ಒಳಗೆ ಹೋದೆ.